ಸಂಕದ ಕಲ್ಲು ಮಗುಚಿದ ದಿನ

ಇಂಗ್ಲಿಷ್ ಕಲಿಸಲು ಹೊಸದಾಗಿ ಕೆಲಸಕ್ಕೆ ಸೇರಿದ ಕೆಲವು ಹುಡುಗಿಯರು ಆಗಾಗ ಬ್ರಹ್ಮಾವರದ ನಮ್ಮ ಮನೆಗೆ ಬಂದು ಹೋಗುತ್ತಾರೆ. ವ್ಯಾಕರಣವನ್ನು ಹೇಗೋ ಕಲಿಸಬಹುದು ಟೀಚರ್, ಈ ನುಡಿಗಟ್ಟುಗಳನ್ನು ಏನು ಮಾಡುವುದು ಎಂದು ಕೇಳುತ್ತಾರೆ. ಗೈಡಿನಲ್ಲಿ ಅರ್ಥ ಕೊಟ್ಟಿರುತ್ತದೆ. ಮಕ್ಕಳು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಲ್ಲೇ ಬಿಟ್ಟು ಎದ್ದು ಬರುತ್ತಾರೆ. ನಾನೂ ಬಹಳ ವರ್ಷ ಹಾಗೆಯೇ ಕಲಿಸಿದವಳು. ಒಂದು ನುಡಿಗಟ್ಟು ಮಾತ್ರ ನನ್ನ ಕೈಮೀರಿ ಹೋಯಿತು. ಅದರ ಕಥೆಯಿಂದ ಈ ಹುಡುಗಿಯರಿಗೆ ಉಪಯೋಗವಾದೀತೋ ಇಲ್ಲವೋ ತಿಳಿಯದು. ನನಗಂತೂ ನೆನೆದಾಗಲೆಲ್ಲ ಈಗಲೂ ಮೈ ಜುಮ್ಮೆನ್ನುತ್ತದೆ.

‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’. ಒಂದು ಕಲ್ಲನ್ನೂ ಮಗುಚದೆ ಬಿಡದಿರುವುದು. ಏನನ್ನಾದರೂ ಹುಡುಕುವಾಗ, ಮುಚ್ಚಿಹೋದ ಸಂಗತಿಯನ್ನು ಹೊರಗೆ ತರುವಾಗ, ಸಾಧ್ಯವಿರುವ ಎಲ್ಲ ಕಡೆಯೂ ನೋಡುವುದು, ಎಲ್ಲ ಪ್ರಯತ್ನವನ್ನೂ ಮಾಡುವುದು. ಪತ್ರಿಕೆಗಳಲ್ಲಿ ಪೊಲೀಸರ ತನಿಖೆಯ ವರದಿ ಬಂದರೆ ಈ ಮಾತು ಹೆಚ್ಚುಕಡಿಮೆ ಇದ್ದೇ ಇರುತ್ತದೆ.

ನಾನು ಕೆಲಸ ಶುರುಮಾಡಿದ ಕಾಲದಲ್ಲಿ ಹಲಗೆಯ ಎಡಗಡೆ ನುಡಿಗಟ್ಟು, ಬಲಗಡೆ ಅರ್ಥ ಬರೆದರೆ ಪಾಠ ಮುಗಿಯಿತು. ಮಕ್ಕಳು ಸ್ವಂತ ವಾಕ್ಯ ಮಾಡಬೇಕಾದಾಗ ಎಡವುತ್ತಿದ್ದರು. ಕನ್ನಡದಲ್ಲಿ ನಾವು ‘ಒಂದು ಕಲ್ಲನ್ನೂ ಬಿಡಲಿಲ್ಲ’ ಎನ್ನುತ್ತೇವೆ. ಇಲ್ಲ ಎನ್ನುವುದು ಕ್ರಿಯಾಪದದ ಬಾಲದಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಆ ‘ನೋ’ ಕಲ್ಲಿಗೆ ಅಂಟಿಕೊಂಡಿದೆ. ನಮ್ಮ ಮಕ್ಕಳು ಅಷ್ಟಕ್ಕೆ ಸಮಾಧಾನಗೊಳ್ಳದೆ ಇನ್ನೊಂದು ‘ನಾಟ್’ ಸೇರಿಸುತ್ತಿದ್ದರು. ಅರ್ಥ ತಲೆಕೆಳಗಾಗುತ್ತಿತ್ತು. ಪೊಲೀಸರು ಎಲ್ಲ ಕಡೆ ಹುಡುಕಲೇ ಇಲ್ಲ ಎಂಬಂತಾಗುತ್ತಿತ್ತು. ಇನ್ನು ಕೆಲವರು ಅತಿ ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಮಾತನ್ನು ಹಾಕುತ್ತಿದ್ದರು. ತಪ್ಪಿಸಿಕೊಂಡ ಹೇಂಟೆಯನ್ನು ಹುಡುಕಲು ಅಜ್ಜಿ ಒಂದು ಕಲ್ಲನ್ನೂ ಬಿಡಲಿಲ್ಲ ಎಂದು ಒಬ್ಬಳು ಬರೆದಿದ್ದಳು. ಓದಿ ನಾನು ಒಬ್ಬಳೇ ಕುಳಿತು ನಕ್ಕಿದ್ದೆ.

ಹಾಲಾಡಿ ಕಡೆಯ ಶಾಲೆಯಲ್ಲಿದ್ದಾಗ ಒಮ್ಮೆ ಶಾಲಾ ಇನ್‌ಸ್ಪೆಕ್ಟರು ತಪಾಸಣೆಗೆ ಬಂದರು. ಗತ್ತಿನ ಮನುಷ್ಯ. ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಿದರು. ಕೊನೆಗೆ ಎದ್ದು, ಈ ನುಡಿಗಟ್ಟನ್ನು ಯಾರಾದರೂ ವಾಕ್ಯದಲ್ಲಿ ಬಳಸಿ ಎಂದರು. ಗಣೇಶ ಎಂಬವನು ಎದ್ದು ನಿಂತು, ನನ್ನ ಅಮ್ಮ ತೋಡಿನಲ್ಲಿ ಏಡಿ ಹಿಡಿಯಲು ಒಂದು ಕಲ್ಲನ್ನೂ ಮಗುಚದೆ ಬಿಡಲಿಲ್ಲ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಹೇಳಿದ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನುಡಿಗಟ್ಟೆಂದರೆ ಅಕ್ಷರಾರ್ಥವಲ್ಲ ಎಂದು ಹತ್ತು ಸಲ ಹೇಳಿದ್ದೆ.

ಇನ್‌ಸ್ಪೆಕ್ಟರು ಗಂಭೀರವಾಗಿ ಕೇಳಿದರು: “ಏಡಿ ಸಿಕ್ಕಿತೇನಯ್ಯಾ?”

“ಸಿಕ್ತ್ ಸರ್. ಸಾರ್ ಮಾಡಿದ್ದೋ,” ಎಂದ ಗಣೇಶ.

ಅವರು ಗೊಳ್ಳೆಂದು ನಕ್ಕುಬಿಟ್ಟರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: “ಟೀಚರೇ, ಆ ಹುಡುಗನ ವಾಕ್ಯ ತಪ್ಪು ಅಂತ ಹೇಳಲಿಕ್ಕೆ ನನಗೆ ಧೈರ್ಯ ಬರಲಿಲ್ಲ. ಕಲ್ಲು ಮಗುಚಿ ನೋಡಿದವರೇ ತಾನೇ ಮೊದಲು ಈ ಮಾತು ಆಡಿದ್ದು? ನಾವು ಈಗ ಕಲ್ಲು ಬಿಟ್ಟು ಮಾತು ಮಾತ್ರ ಕಲಿಸುತ್ತಿದ್ದೇವೆ.”

ಆ ಮಾತು ನನ್ನ ಮನಸ್ಸಿನಲ್ಲಿ ಕುಳಿತಿತು. ಮುಂದಿನ ವರ್ಷದಿಂದ ಈ ನುಡಿಗಟ್ಟು ಬಂದ ದಿನ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗತೊಡಗಿದೆ. ನೀರು ಇಳಿದ ತೋಡಿನಲ್ಲಿ, ಅಂದರೆ ಬದಿಯ ಸಣ್ಣ ಹಳ್ಳದಲ್ಲಿ, ಒಬ್ಬೊಬ್ಬರು ಒಂದೊಂದು ಕಲ್ಲು ಮಗುಚಬೇಕು, ಅಡಿಯಲ್ಲಿ ಏನಿದೆಯೆಂದು ಇಂಗ್ಲಿಷಿನಲ್ಲಿ ಹೇಳಬೇಕು, ಮತ್ತೆ ಹೇಗಿತ್ತೋ ಹಾಗೆಯೇ ಇಡಬೇಕು. ಏನೂ ಇರುವುದಿಲ್ಲ ಎಂದುಕೊಂಡು ಹೋದವಳು ನಾನು. ಒಂದು ಕಲ್ಲಿನ ಅಡಿಯಲ್ಲಿ ಸಾಬಕ್ಕಿಯಂತೆ ಹೊಳೆಯುವ ಮೊಟ್ಟೆಗಳ ಸಾಲು. ಇನ್ನೊಂದರ ಅಡಿಯಲ್ಲಿ ಹೊಟ್ಟೆಯ ತುಂಬ ಮರಿಗಳನ್ನು ಹೊತ್ತ ಏಡಿ. ಬೆಳಕು ಬಿದ್ದದ್ದೇ ಮರಿಗಳೆಲ್ಲ ಅಲುಗಾಡಿದವು. ಗಲಾಟೆ ಮಾಡುತ್ತಿದ್ದ ಮಕ್ಕಳು ಕಲ್ಲಿನ ಸುತ್ತ ಬಗ್ಗಿ ನಿಂತರು. ಒಂದು ತರಗತಿ ಇಡೀ ಉಸಿರು ಬಿಗಿಹಿಡಿದು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಎಷ್ಟೋ ವರ್ಷ, ಎರಡು ಮೂರು ಶಾಲೆಗಳಲ್ಲಿ, ಹೀಗೆಯೇ ಕಲಿಸಿದೆ.

ನನ್ನ ಕೊನೆಯ ಶಾಲೆ ಹಟ್ಟಿಯಂಗಡಿಯಿಂದ ಒಳಗೆ, ಹೊಳೆಯ ಬದಿಯಲ್ಲಿತ್ತು. ಊರಿನ ಒಂದು ಭಾಗ ತೋಡಿನ ಆಚೆಗಿತ್ತು. ಆಚೆಯವರಲ್ಲಿ ಹೆಚ್ಚಿನವರು ಹೊಳೆ ಮತ್ತು ಸಮುದ್ರದ ಮೀನನ್ನು ನಂಬಿ ಬದುಕುವವರು. ಅಲ್ಲಿನ ಮಕ್ಕಳು ಶಾಲೆಗೆ ಬರಬೇಕಾದರೆ ತೋಡಿಗೆ ಅಡ್ಡ ಹಾಕಿದ ಸಂಕ ದಾಟಬೇಕು. ಸಂಕವೆಂದರೆ ಒಂದೇ ಒಂದು ಕರಿಕಲ್ಲಿನ ಚಪ್ಪಡಿ, ಆಳಿಗಿಂತ ಉದ್ದ, ನಡೆದು ನಡೆದು ಮೇಲ್ಮೈ ಕನ್ನಡಿಯಂತೆ ನುಣುಪಾಗಿತ್ತು. ಯಾರು ಹಾಕಿದ್ದು, ಯಾವಾಗ ಹಾಕಿದ್ದು ಎಂದು ಕೇಳಿದರೆ ಊರಿನ ಅತಿ ಹಿರಿಯರೂ ಕೈ ಆಡಿಸುತ್ತಿದ್ದರು. ಮಳೆಗಾಲದಲ್ಲಿ ನೀರು ಅದರ ಮೇಲೆಯೇ ಹರಿಯುತ್ತಿತ್ತು. ಆಗ ಆಚೆಯ ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು.

ನಾನು ನಿವೃತ್ತಳಾಗುವ ವರ್ಷ ಒಂಬತ್ತನೇ ತರಗತಿಯಲ್ಲಿ ರಕ್ಷಿತಾ ಎಂಬ ಹುಡುಗಿ ಇದ್ದಳು. ತೋಡಿನ ಆಚೆಯವಳು. ಅಪ್ಪ ಗಂಗೊಳ್ಳಿಯಿಂದ ಬೋಟಿನಲ್ಲಿ ಹೋಗುವವರು. ಮನೆಯಲ್ಲಿ ಅಜ್ಜಿ ಮುತ್ತಕ್ಕ. ಮುತ್ತಕ್ಕನನ್ನು ಆ ಊರಿನಲ್ಲಿ ಅರಿಯದವರಿಲ್ಲ. ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದವರು. ಅವರ ಗಂಡ ತರುಣನಾಗಿದ್ದಾಗಲೇ ಸಮುದ್ರಕ್ಕೆ ಹೋದವರು ತಿರುಗಿ ಬರಲಿಲ್ಲ. ಶವವೂ ಸಿಗಲಿಲ್ಲ. ಮಗನನ್ನು ಬುಟ್ಟಿ ಹೊತ್ತೇ ಬೆಳೆಸಿದ್ದರು.

ಆ ವರ್ಷವೂ ಮಕ್ಕಳನ್ನು ತೋಡಿಗೆ ಕರೆದುಕೊಂಡು ಹೋಗಿ ಕಲ್ಲು ಮಗುಚಿಸಿದೆ. ಎಲ್ಲರೂ ತಮ್ಮ ತಮ್ಮ ಕಲ್ಲಿನ ಅಡಿಯಲ್ಲಿ ಕಂಡದ್ದನ್ನು ಹೇಳಿ ಮುಗಿಸಿದರು. ರಕ್ಷಿತಾ ಮಾತ್ರ ಸಂಕದ ಹತ್ತಿರ ನಿಂತಿದ್ದಳು.

“ಟೀಚರೆ, ಈ ಕಲ್ಲ್ ಮಗ್ಚುಕಾತ್ತಾ?” ಎಂದಳು.

“ಇದನ್ನು ಆನೆಯೇ ಬಂದು ಮಗುಚಬೇಕು ಮಗಾ.”

“ಅಡಿಯಂಗೆ ಎಂತೋ ಇತ್ತ್ ಟೀಚರೆ. ಏಡಿ ಹಿಡೂಕೆ ಕೈ ಹಾಕ್ತ್ನಲೆ, ಆಗ ಕೈಗೆ ಸಿಕ್ಕತ್ತ್. ಉಬ್ಬುಬ್ಬು. ಕಾಲ್ ಬೆರಳ್ ಇದ್ದಾಂಗೆ.”

ಬೇರು ಸುತ್ತಿಕೊಂಡಿರಬಹುದು ಎಂದೆ. ಬಗ್ಗಿ ನೋಡಿದೆ. ಸಂಕದ ಅಡಿಯಲ್ಲಿ ಹೂಳು ತುಂಬಿ ಒಂದು ಗೇಣಿನಷ್ಟು ಸಂದು ಮಾತ್ರ ಉಳಿದಿತ್ತು, ಒಳಗೆ ಕತ್ತಲೆ. ಗಂಟೆ ಹೊಡೆಯಿತು. ಎಲ್ಲರೂ ಶಾಲೆಗೆ ಮರಳಿದೆವು.

ಮಾರ್ಚ್ ತಿಂಗಳಿನಲ್ಲಿ ಸಂಕದ ಜಾಗದಲ್ಲಿ ಕಾಂಕ್ರೀಟಿನ ಸೇತುವೆ ಕಟ್ಟುವ ಕೆಲಸ ಶುರುವಾಯಿತು. ಇದಕ್ಕಾಗಿ ಕಾಲು ಸವೆಸಿದವರು ಪಂಚಾಯತಿ ಸದಸ್ಯ ಶೀನಣ್ಣ. ಅವರ ಹೆಂಡತಿಗೆ ಹೆರಿಗೆ ನೋವು ಬಂದಾಗ ಮಳೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ ಈ ಸಂಕ ದಾಟಿಸಿದ್ದರಂತೆ. ಆ ದಿನವೇ ಸೇತುವೆ ಮಾಡಿಸುತ್ತೇನೆಂದು ಹಟ ತೊಟ್ಟಿದ್ದರು. ಊರಿಗೆಲ್ಲ ಹಬ್ಬದ ಸಂಭ್ರಮ. ಜೇಸಿಬಿ ಬಂದ ದಿನ ಮಕ್ಕಳನ್ನು ತರಗತಿಯಲ್ಲಿ ಹಿಡಿದಿಡುವುದೇ ಕಷ್ಟವಾಯಿತು.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮಕ್ಕಳು ಓಡಿ ಬಂದರು. “ಟೀಚರೆ, ಬೇಗ ಬನ್ನಿ. ರಕ್ಷಿತಾ ಸಂಕದ್ ಮೇಲ್ ಕೂಕಂಡಿತ್. ಏಳುದಿಲ್ಲೆ ಅಂತ್.”

ನಾನು ಎದ್ದಾಗ ಹೆಡ್‌ಮಾಷ್ಟ್ರು ತಡೆದರು. ಒಳ್ಳೆಯವರೇ, ಆದರೆ ಪುಕ್ಕಲು ಸ್ವಭಾವ. “ಟೀಚರೇ, ಅದು ಪಂಚಾಯತಿ ಕೆಲಸ. ಶಾಲೆಯ ಹೆಸರು ಅದರಲ್ಲಿ ಬರುವುದು ಬೇಡ. ನಿಮಗೂ ಪೆನ್ಶನ್ ಹತ್ತಿರ ಬಂತು,” ಎಂದರು. ಹುಡುಗಿಯನ್ನು ಎಬ್ಬಿಸಿಕೊಂಡು ಬರುತ್ತೇನೆ ಸರ್, ಅಷ್ಟೇ ಎಂದು ಹೇಳಿ ಹೊರಟೆ. ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅಷ್ಟೇ.

ರಕ್ಷಿತಾ ಚಪ್ಪಡಿಯ ನಡುವೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಎದುರಿಗೆ ಜೇಸಿಬಿ ಗುರುಗುಟ್ಟುತ್ತಿತ್ತು. ಅದರ ಮೂತಿಗೆ ಕಲ್ಲು ಒಡೆಯುವ ಉಳಿ ಹಾಕಿದ್ದರು. ಚಪ್ಪಡಿಯನ್ನು ಅಲ್ಲೇ ಚೂರು ಮಾಡಿ ಸೇತುವೆಯ ಅಡಿಪಾಯಕ್ಕೆ ತುಂಬುವುದೆಂದು ಗುತ್ತಿಗೆದಾರರ ಮೇಸ್ತ್ರಿ ಹೇಳಿದ. ಶೀನಣ್ಣ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

“ಏಳು ಮಗಾ,” ಎಂದೆ.

“ಒಡೂಕ್ ಮುಂಚೆ ಒಂದ್ಸಲ ಮಗ್ಚಿ ಕಾಣ್ಲಿ ಟೀಚರೆ. ಎಂತ ಇಲ್ದಿರೆ ಒಡಿಲಿ. ನಾ ಎಂತ ಹೇಳುದಿಲ್ಲೆ. ನೀವೇ ಹೇಳಿದ್ರ್ಯಲೆ, ಒಂದ್ ಕಲ್ಲೂ ಬಿಡುಕಾಗ ಅಂದೇಳಿ?”

ನಾನು ಹೇಳಿದ್ದು ನುಡಿಗಟ್ಟು. ಅವಳು ಅದರ ಮೇಲೆಯೇ ಕುಳಿತುಬಿಟ್ಟಿದ್ದಳು. ಶೀನಣ್ಣನ ಕಡೆ ತಿರುಗಿ, “ಒಂದು ಸಲ ಮಗುಚಿಸಿಬಿಡಿ ಶೀನಣ್ಣ, ಹೇಗೂ ಯಂತ್ರ ಇದೆಯಲ್ಲ,” ಎಂದೆ.

“ಕೆಲ್ಸ ತಡ ಆತ್ತ್ ಟೀಚರೆ.”

ಜೇಸಿಬಿಯ ಚಾಲಕ ಬಸಪ್ಪ ಎಂಬವನು. ಬಾಗಲಕೋಟೆ ಕಡೆಯ ಗಟ್ಟಿಮುಟ್ಟಾದ ಆಳು. ಮೇಲಿನಿಂದಲೇ ಕೂಗಿ ಹೇಳಿದ: “ಎಲ್ಲಾರೂ ಹಿಂದಕ ಸರೀರಿ. ಹುಡುಗಿ ಇಷ್ಟ ಹಟಾ ಹಿಡದೈತಿ, ಹೊಳ್ಳಿಸಿ ತೋರಿಸತೇನಿ. ಎಷ್ಟೊತ್ತಿನ ಕೆಲಸ?”

ರಕ್ಷಿತಾ ಎದ್ದು ದಂಡೆಗೆ ಬಂದಳು. ಅವನು ಉಳಿ ತೆಗೆದು ಬಕೆಟ್ ಜೋಡಿಸಿದ. ಚಪ್ಪಡಿಯ ಒಂದು ಅಂಚಿಗೆ ಬಕೆಟಿನ ಹಲ್ಲು ಕೊಟ್ಟು ಮೆಲ್ಲಗೆ ಮೀಟಿದ. ಎಷ್ಟೋ ಕಾಲದಿಂದ ಕಚ್ಚಿಕೊಂಡಿದ್ದ ಕೆಸರು ಚಪ್ಪಡಿಯನ್ನು ಬಿಡುವಾಗ ಯಾರೋ ನಿಟ್ಟುಸಿರು ಬಿಟ್ಟಂತೆ ಸದ್ದಾಯಿತು. ಕಲ್ಲು ನೆಟ್ಟಗೆ ನಿಂತು, ಓಲಾಡಿ, ಮೆತ್ತನೆಯ ಹೂಳಿನ ಮೇಲೆ ಅಂಗಾತ ಒರಗಿತು. ಹಸಿರು ಪಾಚಿ, ಕಪ್ಪು ಕೆಸರು, ಗಾಬರಿಯಿಂದ ಓಡುವ ಏಡಿಗಳು. ಅಷ್ಟೇ ಎಂದುಕೊಂಡೆ. ರಕ್ಷಿತಾ ಎರಡು ಕೈಯಲ್ಲಿ ನೀರು ಮೊಗೆದು ಎರಚಿದಳು. ಕೆಸರು ಇಳಿಯಿತು.

ಒಂದು ಪಾದ ಕಂಡಿತು. ಐದು ಬೆರಳು.

ಅವಳು ಮತ್ತೆ ನೀರು ಎರಚಿದಳು. ಮೊಣಕಾಲು, ಸೊಂಟ, ಕಠಾರಿ, ಎದೆ. ಕೊನೆಗೆ ಮುಖ. ಗಂಡಸಿನ ಮುಖ. ಕಣ್ಣು ಅರೆ ಮುಚ್ಚಿತ್ತು, ತುಟಿಯಲ್ಲಿ ನಗುವಿನಂಥದ್ದೇನೋ ಇತ್ತು. ಎರಡು ಬದಿಯಿಂದ ಇಬ್ಬರು ಹೆಂಗಸರು ಅವನ ತೋಳು ಹಿಡಿದು ಮೇಲಕ್ಕೆ ಎತ್ತಿಕೊಂಡು ಹೋಗುತ್ತಿದ್ದರು. ಅವರ ಸೆರಗು ಗಾಳಿಗೆ ಹಾರುತ್ತಿತ್ತು. ಕಲ್ಲಿನಲ್ಲಿ ಗಾಳಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಬಸಪ್ಪ ಇಂಜಿನ್ ಆರಿಸಿದ. ಕೆಳಗಿಳಿದು ಬಂದು, ಚಪ್ಪಲಿ ಕಳಚಿ ಕೈ ಮುಗಿದ. “ನಮ್ಮೂರಾಗ ಹನುಮಪ್ಪನ ಗುಡಿ ಮುಂದ ಇಂಥಾವು ಅದಾವ್ರಿ. ನಾನು ಉಳಿ ಇಡಾಂವ ಇದ್ದೆ...” ಎಂದು ಅಲ್ಲಿಗೇ ನಿಲ್ಲಿಸಿದ.

ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಅಷ್ಟು ಮಕ್ಕಳು, ಅಷ್ಟು ಕೆಲಸಗಾರರು ನಿಂತಿದ್ದರೂ ತೋಡಿನ ನೀರು ಹರಿಯುವುದು ಕೇಳಿಸುತ್ತಿತ್ತು. ಈ ಮನುಷ್ಯನ ಬೆನ್ನಿನ ಮೇಲೆ ನಾನು ಎಷ್ಟೋ ಸಲ ಓಡಾಡಿದ್ದೆ. ಊರು ಓಡಾಡಿತ್ತು. ಮೇಲ್ಮುಖವಾಗಿದ್ದಿದ್ದರೆ ಅವನ ಮೂಗು, ಕಣ್ಣು, ಬೆರಳು ಎಲ್ಲವೂ ನಮ್ಮ ಕಾಲಡಿಯಲ್ಲಿ ಸವೆದು ಹೋಗುತ್ತಿದ್ದವು. ಯಾರೋ ಯಾವ ಕಾಲದಲ್ಲೋ ಈ ಕಲ್ಲನ್ನು ಸಂಕಕ್ಕೆ ಹಾಕುವಾಗ ಮುಖವನ್ನು ಕೆಳಗೆ ಮಾಡಿ ಹಾಕಿದ್ದರು. ಮೆಟ್ಟಲು ಮನಸ್ಸು ಬಾರದೆ ಹಾಗೆ ಮಾಡಿರಬೇಕು ಎಂದು ನನಗೆ ಹೊಳೆದಾಗ ಕಣ್ಣು ತುಂಬಿ ಬಂತು.

ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಹೆಡ್‌ಮಾಷ್ಟ್ರೂ ಬಂದು ಮಕ್ಕಳ ನಡುವೆ ನಿಂತು ನೋಡಿದರು. ಜನ ಸೇರುತ್ತಿದ್ದಂತೆ ಶೀನಣ್ಣನ ಮುಖ ಬಾಡಿತು. ನನ್ನನ್ನು ಬದಿಗೆ ಕರೆದರು.

“ಟೀಚರೆ, ನಂಗೂ ಕೈ ಮುಗೂಕಾತ್ತ್. ಆದ್ರೆ ಪುರಾತತ್ವ ಇಲಾಖೆಯವ್ರಿಗೆ ಗೊತ್ತಾದ್ರೆ ಬಂದ್ ಹಗ್ಗ ಕಟ್ಟಿ ಕೆಲ್ಸ ನಿಲ್ಸ್ತ್ರ್. ಮಳೆಗಾಲ ಬಂದ್ರೆ ಇದ್ದ್ ಸಂಕವೂ ಇಲ್ಲೆ, ಸೇತ್ವೆಯೂ ಇಲ್ಲೆ. ಮಕ್ಳ್ ಹೆಂಗ್ ಬಪ್ಪುದ್ ಹೇಳಿ? ಯಾರಿಗೂ ಗೊತ್ತಾಪುದ್ ಬ್ಯಾಡ. ಮೊದ್ಲಿನ್ ಹಾಂಗೆ ಮಗ್ಚಿ ಅಡಿಪಾಯದೊಳ್ಗೆ ಹೂಳುವ. ಒಡೂದ್ ಬ್ಯಾಡ, ಹೂಳುವ.”

ಅವರ ಮಾತಿನಲ್ಲಿ ಕಪಟ ಇರಲಿಲ್ಲ. ಹೆಂಡತಿಯನ್ನು ಕುರ್ಚಿಯಲ್ಲಿ ಹೊತ್ತು ದಾಟಿಸಿದ ಮನುಷ್ಯನಿಗೆ ನಾನು ಏನು ಹೇಳಲಿ? ಜನರಲ್ಲೂ ಅರ್ಧದಷ್ಟು ಮಂದಿ ಹೌದು ಹೌದು ಎಂದರು. ಬದಿಯ ಗದ್ದೆಯವರು ತಮ್ಮ ಜಾಗ ಹೋದೀತೆಂದು ಹೆದರಿದರು. ಮೇಸ್ತ್ರಿ ಗಡಿಯಾರ ನೋಡುತ್ತಿದ್ದ.

ಅಷ್ಟರಲ್ಲಿ ಮುತ್ತಕ್ಕ ಬಂದರು. ಮಾರಾಟ ಮುಗಿಸಿ ಖಾಲಿ ಬುಟ್ಟಿ ಹಿಡಿದು ಮನೆಗೆ ಹೊರಟವರು. ಜನರನ್ನು ಸರಿಸಿ ಮುಂದೆ ಬಂದು ಕಲ್ಲನ್ನು ಕಂಡದ್ದೇ ಅಲ್ಲೇ ಕುಸಿದು ಕುಳಿತರು.

“ಅಯ್ಯೋ ದೇವ್ರೇ, ಇವ್ನ ಬೆನ್ ಮೆಟ್ಕಂಡೇ ತಿರ್ಗಿದ್ನಲೆ ನಾನ್! ಮೀನ್ ನೀರ್ ಸೋರ್ಸ್ಕಂತ ಹೋಯ್ದೆ. ಕಾಲ್ ಜಾರಿರೆ ಬೈದಿದೆ ಈ ಕಲ್ಲಿಗೆ.”

ಕೆಸರಿನಲ್ಲೇ ಮುಂದೆ ಸರಿದು ಆ ಮುಖವನ್ನು ಸೆರಗಿನಿಂದ ಒರೆಸಿದರು. ಮಗುವಿನ ಮುಖ ಒರೆಸುವಂತೆ. ಶೀನಣ್ಣ ಹೂಳುವ ಮಾತನ್ನು ಅವರಿಗೂ ಮೆಲ್ಲಗೆ ಹೇಳಿದರು. ಮುತ್ತಕ್ಕ ತಲೆ ಎತ್ತಿದರು.

“ಶೀನ, ನೀ ಹುಟ್ಟುಕ್ ಮುಂಚೆ ನಮ್ಮನಿಯವ್ರನ್ನ್ ಹುಡ್ಕಿರ್. ಏಳೆಂಟ್ ದೋಣಿ ಹೋಯ್ತ್. ನಮ್ ಹೆಣ್ ಮೊನ್ನೆ ಇಸ್ಕೂಲಂಗೆ ಕಲ್ತದ್ ಹೇಳ್ತ್, ಒಂದ್ ಕಲ್ಲೂ ಬಿಡ್ದೆ ಮಗ್ಚಿ ಹುಡ್ಕುದ್ ಅಂದೇಳಿ. ಸಮುದ್ರದೊಳ್ಗೆ ಎಂತ ಮಗ್ಚುದಾ? ನೀರ್ ಮಗ್ಚುಕಾತ್ತಾ? ಅವ್ರ್ ಸಿಕ್ಲಿಲ್ಲೆ. ಇಲ್ಲಿ ಒಂದ್ ಕಲ್ಲ್ ಮಗ್ಚಿರೆ ಒಬ್ಬ ಸಿಕ್ಕಿದ. ಯಾರ್ ಮನಿಯವನೋ ಎಂತೋ. ಸಿಕ್ಕಿದವ್ನನ್ನ್ ಮತ್ತೆ ಹೂಳ್ತ್ಯಾ?”

ನಾನು ಎಷ್ಟೋ ವರ್ಷ ಆ ನುಡಿಗಟ್ಟಿನ ಅರ್ಥವನ್ನು ಹಲಗೆಯ ಬಲಗಡೆ ಬರೆದಿದ್ದೆ. ಮುತ್ತಕ್ಕ ಅದನ್ನು ಆಡಿದಾಗ ಮೊದಲ ಸಲ ಕೇಳಿದಂತಾಯಿತು.

ಶೀನಣ್ಣ ಮಗುಚಿದ ಕಲ್ಲಿನ ಸುತ್ತ ಒಮ್ಮೆ ನಡೆದು ಬಂದರು. ಕೊನೆಗೆ ಬಸಪ್ಪನನ್ನು ಕೇಳಿದರು: “ಹ್ವಾಯ್, ಒಡೀದೆ ಎತ್ತಿ ಆಚಿಗಿಡುಕಾತ್ತಾ?”

“ಯಾಕ ಆಗೂದಿಲ್ರೀ? ಬೆಲ್ಟ್ ಕಟ್ಟಿ ಕೂಸಿನಂಗ ಎತ್ತಿ ಇಡತೇನಿ.”

ದಂಡೆಯ ಮೇಲೆ, ಸೇತುವೆಯ ಜಾಗದಿಂದ ತುಸು ದೂರದಲ್ಲಿ ಒಂದು ಹೊನ್ನೆ ಮರವಿತ್ತು. ಅದರ ಬುಡದಲ್ಲಿ ಗುಂಡಿ ತೋಡಿದರು. ಬೆಲ್ಟಿನಲ್ಲಿ ತೂಗಾಡುತ್ತ ಕಲ್ಲು ಮೇಲೆದ್ದಾಗ ಮೇಸ್ತ್ರಿಯೂ ಓಡಿ ಬಂದು ಕೈ ಕೊಟ್ಟ. ಒಂದು ಬದಿಯ ಹಗ್ಗವನ್ನು ಶೀನಣ್ಣನೇ ಹಿಡಿದರು, ಇನ್ನೊಂದು ಬದಿಯದನ್ನು ನಮ್ಮ ಹೆಡ್‌ಮಾಷ್ಟ್ರು. ಕಲ್ಲು ಗುಂಡಿಗೆ ಇಳಿದು ನೆಟ್ಟಗೆ ನಿಂತಿತು. ಎಷ್ಟು ಕಾಲದ ಮೇಲೆ ಆ ಮನುಷ್ಯ ಎದ್ದು ನಿಂತು ನಮ್ಮೆಲ್ಲರ ತಲೆಯ ಮೇಲಿನಿಂದ ಹೊಳೆಯ ಕಡೆ ನೋಡಿದನೋ! ಮಾರನೆಯ ದಿನದಿಂದ ಸೇತುವೆಯ ಕೆಲಸ ಎಂದಿನಂತೆ ನಡೆಯಿತು. ಇಲಾಖೆಗೆ ಆಮೇಲೆ ತಿಳಿಸಿದೆವು. ಅವರು ಬಂದು ಫೋಟೋ ತೆಗೆದು, ಇಲ್ಲೇ ಇರಲಿ, ಜೋಪಾನ ಮಾಡಿ ಎಂದು ಹೇಳಿ ಹೋದರು. ಯಾರೂ ಹಗ್ಗ ಕಟ್ಟಲಿಲ್ಲ, ಯಾರ ಗದ್ದೆಯೂ ಹೋಗಲಿಲ್ಲ. ಮಳೆಗೆ ಮೊದಲೇ ಸೇತುವೆ ಮುಗಿಯಿತು.

ಕಲ್ಲು ನಿಲ್ಲಿಸಿದ ಮೇಲಿನ ಭಾನುವಾರ ಉಪಾಧ್ಯ ಸರ್ ಅವರನ್ನು ಕರೆತಂದೆ. ಕುಂದಾಪುರದಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ನನಗೆ ಹಳೆಯ ಪರಿಚಯ. ಊರಿನ ಮಕ್ಕಳೆಲ್ಲ ಕೊಡಪಾನದಲ್ಲಿ ನೀರು ಹೊತ್ತು ತಂದರು. ಉಜ್ಜಬೇಡಿ, ತಿಕ್ಕಬೇಡಿ ಎಂದು ಹೇಳುತ್ತ ಉಪಾಧ್ಯರೇ ಮೆತ್ತನೆಯ ಬ್ರಷ್ ಹಿಡಿದು ಕುಳಿತರು. ಕಲ್ಲಿನ ಮೇಲ್ತುದಿಯಲ್ಲಿ ಸೂರ್ಯ ಚಂದ್ರ ಮೂಡಿದರು. ಅದರ ಕೆಳಗೆ ಶಿವಲಿಂಗ, ಎದುರು ಕೈ ಮುಗಿದು ಕುಳಿತ ಅದೇ ಮನುಷ್ಯ.

“ಇದು ವೀರಗಲ್ಲು,” ಎಂದು ಉಪಾಧ್ಯರು ಮಕ್ಕಳಿಗೆ ಹೇಳಿದರು. “ಹೋರಾಡಿ ಸತ್ತವನಿಗೆ ಊರವರು ನಿಲ್ಲಿಸುವ ಕಲ್ಲು. ಕೆಳಗಿನಿಂದ ಮೇಲೆ ಓದಬೇಕು. ಎಲ್ಲಕ್ಕಿಂತ ಕೆಳಗೆ ಅವನು ಹೇಗೆ ಸತ್ತ ಎಂದು ಇರುತ್ತದೆ. ನಡುವೆ ದೇವಕನ್ನೆಯರು ಕರೆದುಕೊಂಡು ಹೋಗುತ್ತಾರೆ. ಮೇಲೆ ಕೈಲಾಸ.”

ಕೆಳಗಿನ ಭಾಗದಲ್ಲಿ ಮಾತ್ರ ಕೆಸರು ಕಲ್ಲಿನಂತೆ ಗಟ್ಟಿಯಾಗಿತ್ತು. ನೀರು ಬಿಟ್ಟು, ನೆನೆಸಿ, ಬಿದಿರಿನ ಕಡ್ಡಿಯಿಂದ ಎಳೆ ಎಳೆಯಾಗಿ ಬಿಡಿಸಬೇಕಾಯಿತು. ಕುದುರೆ ಇರಬಹುದು, ಇಲ್ಲವೇ ದನ ಕಾಯುವ ಜಗಳ ಇರಬಹುದು ಎಂದರು ಉಪಾಧ್ಯರು. ಮೊದಲು ಕಂಡದ್ದು ಬಾಗಿದ ಒಂದು ಗೆರೆ. ಆಮೇಲೆ ಸಾಲಾಗಿ ಓರೆಯಾದ ಗೆರೆಗಳು. ಅವರ ಕೈ ನಿಂತುಬಿಟ್ಟಿತು.

“ದೋಣಿ!” ಎಂದು ಮಕ್ಕಳು ಒಟ್ಟಿಗೇ ಕೂಗಿದರು.

ದೋಣಿಯೇ. ಹುಟ್ಟು ಹಾಕುತ್ತ ಬಾಗಿದ ಆಳುಗಳು, ಮುಂದಿನ ಮೂತಿಯಲ್ಲಿ ಕತ್ತಿ ಎತ್ತಿ ನಿಂತವನು ಅವನು. ಎದುರಿನಿಂದ ಇನ್ನೊಂದು ದೋಣಿ. ಅಡಿಯಲ್ಲಿ ಅಲೆಗಳು, ಅಲೆಗಳ ನಡುವೆ ಬೆರಳಿನಷ್ಟು ಪುಟ್ಟ ಪುಟ್ಟ ಮೀನುಗಳು. ಮೇಲೆ ಯುದ್ಧ ನಡೆಯುತ್ತಿದ್ದರೂ ಅವು ತಮ್ಮಷ್ಟಕ್ಕೆ ಈಜುತ್ತಿದ್ದವು. ಕೆತ್ತಿದವನು ಆ ಮೀನುಗಳನ್ನೂ ಬಿಟ್ಟಿರಲಿಲ್ಲ. ರಕ್ಷಿತಾ ಒಂದೊಂದನ್ನೂ ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಉಪಾಧ್ಯರು ಬ್ರಷ್ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿಕೊಂಡರು. ದೋಣಿ ಕೆತ್ತಿದ ವೀರಗಲ್ಲು ತೀರಾ ಅಪರೂಪ, ಈ ಕೈಯಿಂದ ಒಂದನ್ನು ತೊಳೆಯುತ್ತೇನೆಂದು ಎಣಿಸಿರಲಿಲ್ಲ ಎಂದರು.

ಮುತ್ತಕ್ಕ ಅಷ್ಟು ಹೊತ್ತೂ ಹೊನ್ನೆ ಮರಕ್ಕೆ ಒರಗಿ ಕುಳಿತಿದ್ದರು. ದೋಣಿ ಎಂದಾಗ ಎದ್ದು ಹತ್ತಿರ ಬಂದರು. ಬಹಳ ಹೊತ್ತು ನೋಡಿದರು.

“ನೀರೊಳ್ಗೆ ಸತ್ತವ,” ಎಂದರು. “ಇವ್ನ್ ಹೆಸ್ರೆಂತ ಸರ್?”

“ಕಲ್ಲಿನಲ್ಲಿ ಅಕ್ಷರ ಇಲ್ಲ ಮುತ್ತಕ್ಕ. ಹೆಸರು ಗೊತ್ತಾಗುವುದಿಲ್ಲ.”

“ಬರೀದಿದ್ರೆ ಎಂತಾಯ್ತ್? ಆಗ ಇದ್ದ್ ಜನ್ರಿಗೆ ಗೊತ್ತಿರ್ಲಿಲ್ಯಾ?”

“ಗೊತ್ತಿತ್ತು. ಊರಿಗೇ ಗೊತ್ತಿದ್ದಿರಬೇಕು. ಹೆಂಡತಿ ಮಕ್ಕಳು ಇದ್ದಿರಬೇಕು. ಹೇಳುವವರು ಒಬ್ಬೊಬ್ಬರೇ ಹೋದರು. ಆಮೇಲೆ ಯಾರೂ ಹೇಳಲಿಲ್ಲ, ಹೆಸರೂ ಹೋಯಿತು.”

ಮುತ್ತಕ್ಕನ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಂದ ಆಡುವವರಲ್ಲ. ಶಾಲೆಗೆ ಮೊಮ್ಮಗಳನ್ನು ಸೇರಿಸಲು ಬಂದಾಗ ನಾನೇ ಏನೋ ಕೇಳಿದ್ದಕ್ಕೆ, ‘ನಮ್ಮನಿಯವ್ರ್’ ಎಂದಷ್ಟೇ ಹೇಳಿ ಸೆರಗು ಬಾಯಿಗೆ ಹಿಡಿದಿದ್ದರು. ಮನೆಯಲ್ಲೂ ಅಷ್ಟೇ ಇರಬೇಕು. ಅವರು ಕಲ್ಲಿನ ದೋಣಿಯ ಮೇಲೆ ಅಂಗೈ ಇಟ್ಟರು. ತುಟಿ ಎರಡು ಮೂರು ಸಲ ಅಲುಗಿತು, ಸದ್ದು ಬರಲಿಲ್ಲ.

“ನಾರಣ,” ಎಂದರು.

ಹೊಸ ಶಬ್ದವೊಂದನ್ನು ಮೊದಲ ಸಲ ಉಚ್ಚರಿಸುವ ಮಗುವಿನಂತೆ ಹೇಳಿ, ತಾವೇ ಬೆಚ್ಚಿ ಸುತ್ತ ನೋಡಿದರು. ಆಮೇಲೆ ರಕ್ಷಿತಾಳ ಕೈ ಹಿಡಿದರು.

“ನಿಮ್ಮಜ್ಜನ್ ಹೆಸ್ರ್ ನಾರಣ ಮಗಾ. ನೀ ಒಂದ್ಸಲ ಹೇಳ್ ಕಾಂಬ.”

“ನಾರಣ,” ಎಂದಳು ರಕ್ಷಿತಾ.

“ಇನ್ನೊಂಚೂರ್ ಗಟ್ಟಿ.”

ರಕ್ಷಿತಾ ಹೊಳೆಯ ಕಡೆಗೆ ತಿರುಗಿ, ಉಸಿರು ಎಳೆದುಕೊಂಡು, ಆಚೆ ದಂಡೆಗೆ ಕೇಳುವಂತೆ ಕೂಗಿದಳು.